ಗಟ್ಟಿ ಆಯಿಲ್ ಹಾಕುವ ಮೊದಲು

ಹೇಮಶ್ರೀ ಕೆ.ಆರ್. ಪುರದ ಹತ್ತಿರದ ಒಂದು ಕಾರ್ ಸರ್ವಿಸ್ ಸೆಂಟರ್‌ನಲ್ಲಿ ಆರು ವರ್ಷದಿಂದ ಎಂಜಿನ್ ಕೆಲಸ ಮಾಡುತ್ತಿದ್ದಳು. ಆ ಮಾರ್ಚ್ ತಿಂಗಳಲ್ಲಿ ಕಂಪನಿ ತನ್ನ ದೊಡ್ಡ ಪೆಟ್ರೋಲ್ ಎಸ್‌ಯುವಿಗಳನ್ನು ತಪಾಸಣೆಗೆ ವಾಪಸ್ ಕರೆಸಿತ್ತು. ಎಂಜಿನ್ ಒಳಗೆ ಕ್ರ್ಯಾಂಕ್ ಎಂಬ ಉಕ್ಕಿನ ದಂಡ ತಿರುಗುವ ಜಾಗದಲ್ಲಿ ಇರುವ ಬೇರಿಂಗ್‌ಗಳು ಕೆಲವು ಗಾಡಿಗಳಲ್ಲಿ ಬೇಗ ಸವೆಯುತ್ತಿದ್ದವು. ಪೂರ್ತಿ ಸವೆದು ಕಚ್ಚಿಕೊಂಡರೆ ಓಡುತ್ತಿರುವ ಗಾಡಿ ಅಲ್ಲೇ ನಿಂತುಬಿಡುತ್ತದೆ.

ಸರ್ವಿಸ್ ಸೆಂಟರ್‌ನವರು ಮಾಡಬೇಕಾದ್ದು ಸುಲಭವಾಗಿತ್ತು. ಕಂಪನಿ ಕಳಿಸಿದ ಮಷೀನನ್ನು ಗಾಡಿಗೆ ಸಿಕ್ಕಿಸಿ ಹತ್ತು ನಿಮಿಷ ಎಂಜಿನ್ ಓಡಿಸಬೇಕು. ಮಷೀನ್ ಎಂಜಿನ್ನಿನ ಸದ್ದು ಕೇಳಿ ದೀಪ ತೋರಿಸುತ್ತದೆ. ಕೆಂಪು ಬಂದರೆ ಹೊಸ ಎಂಜಿನ್. ಹಸಿರು ಬಂದರೆ ಒಳಗಿರುವ ತೆಳು ಆಯಿಲ್ ತೆಗೆದು ಗಟ್ಟಿ ಆಯಿಲ್ ಹಾಕಿ, ಗಾಡಿ ಸರಿ ಇದೆ ಎಂಬ ಕಾಗದಕ್ಕೆ ಸಹಿ ಮಾಡಿ ಕಳಿಸಬೇಕು.

ಒಂದು ಮಂಗಳವಾರ ದೊಡ್ಡನೆಕ್ಕುಂದಿಯ ಮುನಿವೆಂಕಟಪ್ಪ ತಮ್ಮ ಗಾಡಿ ತಂದರು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಪಂಚೆ, ಕೈಯಲ್ಲಿ ಕಂಪನಿಯ ಪತ್ರ. ಒಂದು ಕಾಲದಲ್ಲಿ ಅವರು ರಾಗಿ, ಸೊಪ್ಪು ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಬಾಡಿಗೆ ಮನೆಗಳಿದ್ದವು. ಮನೆಯ ಎಂಟೂ ಜನ ಒಂದೇ ಗಾಡಿಯಲ್ಲಿ ಕೂರಬೇಕು ಅಂತ ಇದನ್ನು ತೆಗೆದುಕೊಂಡಿದ್ದರು.

ಹೇಮಶ್ರೀ ಮಷೀನ್ ಸಿಕ್ಕಿಸಿದಳು. ಹಸಿರು ಬಂತು.

"ಏನೂ ತೊಂದ್ರೆ ಇಲ್ಲ ಸರ್. ಆಯಿಲ್ ಬದಲಾಯಿಸಿ ಮಧ್ಯಾಹ್ನಕ್ಕೆ ಕೊಟ್ಬಿಡ್ತೀವಿ."

ಮುನಿವೆಂಕಟಪ್ಪ ಕುರ್ಚಿಯಿಂದ ಏಳಲಿಲ್ಲ. "ಬೆಳಗ್ಗೆ ಸ್ಟಾರ್ಟ್ ಮಾಡ್ದಾಗ ಒಂದು ಸದ್ದು ಬರ್ತದಮ್ಮ. ಎರಡೇ ಸೆಕೆಂಡು. ಆಮೇಲೆ ಇರಲ್ಲ. ನಮ್ಮ ಹುಡುಗ ಅದು ನನ್ನ ಭ್ರಮೆ ಅಂತಾನೆ."

"ಎಂಥ ಸದ್ದು ಸರ್?"

"ತೋಟದಲ್ಲಿ ಪಂಪ್‌ಸೆಟ್ ಇತ್ತು. ಅದರ ಬೇರಿಂಗ್ ಹೋಗೋಕೆ ಮುಂಚೆ ಹಿಂಗೇ ಮಾಡ್ತಿತ್ತು."

ಎಂಜಿನ್ ಕಾದು ಬಿಸಿಯಾಗಿದ್ದಾಗ ಆ ಸದ್ದು ಸಿಗುವುದಿಲ್ಲ ಎಂದು ಹೇಮಶ್ರೀಗೆ ಗೊತ್ತಿತ್ತು. ಮಷೀನ್ ಕೂಡ ಕಾದ ಎಂಜಿನ್ನನ್ನೇ ಕೇಳಿಸಿಕೊಂಡಿತ್ತು. ಈ ದಿನ ಗಾಡಿ ಇಲ್ಲೇ ಇರಲಿ, ಬೆಳಗ್ಗೆ ತಣ್ಣಗಿರುವಾಗ ನಾನೇ ಸ್ಟಾರ್ಟ್ ಮಾಡಿ ನೋಡುತ್ತೇನೆ ಅಂದಳು. ಮುನಿವೆಂಕಟಪ್ಪ ಒಪ್ಪಿ, ಆಟೋ ಹಿಡಿದು ಮನೆಗೆ ಹೋದರು.

ಬುಧವಾರ ಎಂಟು ಗಂಟೆಗೆ, ಬೇರೆ ಯಾರೂ ಗದ್ದಲದ ಗಾಳಿ ಮಷೀನ್ ಆನ್ ಮಾಡುವ ಮೊದಲೇ, ಅವಳು ಬಾನೆಟ್ ಎತ್ತಿಟ್ಟು ಸ್ಟಾರ್ಟ್ ಗುಂಡಿ ಒತ್ತಿದಳು. ಎಂಜಿನ್ನಿನ ತಳದಿಂದ ಮಂದವಾಗಿ ಟಕಟಕ ಅಂತ ಬಂತು. ಆಯಿಲ್ ಮೇಲೇರಿದ ತಕ್ಷಣ ನಿಂತಿತು. ಮುದುಕರು ಹೇಳಿದಷ್ಟೇ ಹೊತ್ತು.

ಅವಳು ಆಯಿಲ್ ಇಳಿಸಿದಳು. ಹಳೆಯ ಫಿಲ್ಟರನ್ನು ಬಿಸಾಡುವ ಬದಲು ಗರಗಸದಿಂದ ಕೊಯ್ದು ಒಳಗಿನ ಕಾಗದವನ್ನು ಬಿಡಿಸಿದಳು. ಮಡಿಕೆಗಳ ನಡುವೆ ಲೋಹದ ಸಣ್ಣ ಸಣ್ಣ ಚೂರುಗಳು ಮಿನುಗಿದವು.

ಸರ್ವಿಸ್ ಮ್ಯಾನೇಜರ್ ಮುರಳಿ ಬಂದು ನೋಡಿದ. "ಹೊಸ ಎಂಜಿನ್ನಲ್ಲಿ ಸ್ವಲ್ಪ ಪುಡಿ ಇದ್ದೇ ಇರತ್ತೆ. ಹಸಿರು ಬಂದಿದೆ ತಾನೇ? ಆಯಿಲ್ ಹಾಕಿ ಕಳಿಸು. ಗಟ್ಟಿ ಆಯಿಲ್ ಹಾಕಿದ್ರೆ ಆ ಸದ್ದೂ ಹೋಗತ್ತೆ."

"ಅದೇ ಸರ್ ನನ್ನ ಚಿಂತೆ. ಸದ್ದು ಹೋಗತ್ತೆ, ಬೇರಿಂಗ್ ಹಂಗೇ ಇರತ್ತೆ."

ಮುರಳಿ ಕೆಟ್ಟವನಲ್ಲ. ಫೋಟೋ ತೆಗೆದು ಕಂಪನಿಗೆ ಮೇಲ್ ಹಾಕೋಣ ಎಂದ, ಹಾಕಿದ. ಹೇಮಶ್ರೀ ನಾಲ್ಕು ಚೂರುಗಳನ್ನು ಕಾಗದದಲ್ಲಿ ಮಡಚಿ ಸಂಜೆ ಮರ್ಫಿ ಟೌನ್‌ನ ಮನೆಗೆ ತಂದಳು.

ಅವಳ ತಂದೆ ಶ್ರೀರಾಮಪ್ಪ ಶಿವಾಜಿನಗರದ ಲೇತ್ ಅಂಗಡಿಯಲ್ಲಿ ಮೂವತ್ತು ವರ್ಷ ಕ್ರ್ಯಾಂಕ್ ಉಜ್ಜಿದವರು. ಕಣ್ಣು ಮಂಜಾದ ಮೇಲೆ ಬಿಟ್ಟಿದ್ದರು. ಅವರು ಕಾಗದವನ್ನು ಬಾಗಿಲ ಬೆಳಕಿಗೆ ಹಿಡಿದು, ಹಳೆಯ ಸ್ಪೀಕರಿನ ಒಂದು ಆಯಸ್ಕಾಂತ ತರಿಸಿಕೊಂಡು ಚೂರುಗಳ ಮೇಲೆ ಆಡಿಸಿದರು. ಒಂದೂ ಅಂಟಲಿಲ್ಲ.

"ಕಬ್ಬಿಣ ಅಲ್ಲ. ಬಣ್ಣ ಏನಿದೆ ಹೇಳು."

"ಕೆಂಪಗಿದೆ ಅಪ್ಪ."

"ತಾಮ್ರ. ಬೇರಿಂಗ್ ಮೇಲಿನ ಪದರ ಹೋಗಿ ಕೆಳಗಿನ ತಾಮ್ರ ಏಳ್ತಿದೆ. ಆಯಿಲ್ ಹಾಕಿ ಇದನ್ನ ವಾಪಸ್ ಅಂಟಿಸೋಕಾಗಲ್ಲ."

"ಕಂಪನಿ ಮಷೀನ್ ಸರಿ ಇದೆ ಅಂತು."

ಶ್ರೀರಾಮಪ್ಪ ಕಾಗದ ಮಡಚಿ ಕೊಟ್ಟರು. "ಮಷೀನ್ ಸಹಿ ಹಾಕಲ್ಲ. ನೀನು ಹಾಕೋದು."

ಗುರುವಾರ ಮಧ್ಯಾಹ್ನ ಕಂಪನಿಯ ಉತ್ತರ ಬಂತು. ಮಷೀನ್ ಹಸಿರು ತೋರಿಸಿರುವುದರಿಂದ ಆಯಿಲ್ ಬದಲಾಯಿಸಿ ಗಾಡಿ ಬಿಡಬಹುದು, ಸದ್ದು ಹೆಚ್ಚಾದರೆ ಗ್ರಾಹಕರು ಮತ್ತೆ ಬರಲಿ ಎಂದು ಎರಡು ಸಾಲು. ಸಂಜೆ ನಾಲ್ಕಕ್ಕೆ ಮುನಿವೆಂಕಟಪ್ಪ ಮಗ ಕೆಂಪರಾಜನ ಜೊತೆ ಬಂದರು. ಮಾರನೆಯ ದಿನ ಬೆಳಗ್ಗೆ ಅವರೆಲ್ಲ ಆಂಧ್ರದ ಮದನಪಲ್ಲಿಗೆ ಹೊರಡಬೇಕಿತ್ತು. ಕೆಂಪರಾಜನ ಹೆಂಡತಿ ಭವ್ಯಳ ತವರಲ್ಲಿ ಮಗುವಿನ ನಾಮಕರಣ.

ಮುರಳಿ ಸಹಿಯ ಕಾಗದವನ್ನು ಹೇಮಶ್ರೀಯ ಮುಂದಿಟ್ಟ. ಅವಳು ಪೆನ್ನು ಮುಟ್ಟಲಿಲ್ಲ.

"ನಾನು ಸಹಿ ಹಾಕಲ್ಲ ಸರ್. ಬೇಕಾದ್ರೆ ನೀವು ಹಾಕಿ. ನನ್ನ ಲೆಕ್ಕದಲ್ಲಿ ಈ ಗಾಡಿ ಸರಿ ಇಲ್ಲ."

ಕೆಂಪರಾಜ್ ಹುಬ್ಬು ಗಂಟಿಕ್ಕಿದ. "ಮೇಡಂ, ಕಂಪನಿಯೇ ಓಕೆ ಅಂದ್ಮೇಲೆ ನಿಮ್ಮದೇನು? ಎಂಟು ಜನ ಹೋಗ್ಬೇಕು, ಅದ್ರಲ್ಲಿ ಮಗು ಬೇರೆ. ಈಗ ಎಲ್ಲಿಂದ ಗಾಡಿ ತರಲಿ?"

"ಅದಕ್ಕೇ ಸರ್ ಹೇಳ್ತಿರೋದು. ನಿಲ್ಲೋದು ಖಂಡಿತ ಅಂತ ನಾನು ಹೇಳಲ್ಲ. ಒಂದು ತಿಂಗಳು ಓಡಬಹುದು, ಒಂದು ವರ್ಷ ಓಡಬಹುದು. ಆದ್ರೆ ಹೈವೇನಲ್ಲಿ ಎಂಜಿನ್ ಹಿಡ್ಕೊಂಡ್ರೆ ಹಿಂದಿನ ಲಾರಿಗೆ ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ."

ಕತ್ತರಿಸಿದ ಫಿಲ್ಟರನ್ನು ಮೇಜಿನ ಮೇಲಿಟ್ಟಳು. ಮುನಿವೆಂಕಟಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಬೆರಳಿಂದ ಒಂದು ಚೂರು ತೆಗೆದು ಹೆಬ್ಬೆರಳಿಗೆ ಉಜ್ಜಿದರು.

"ಬಾಡಿಗೆಗೆ ಟೆಂಪೋ ಟ್ರಾವೆಲರ್ ಮಾಡು," ಎಂದರು ಮಗನಿಗೆ.

"ಅಪ್ಪಾ..."

"ಗಾಡಿ ಇಲ್ಲೇ ಇರ್ಲಿ. ಕಂಪನಿಯವರು ಬಂದು ಬಿಚ್ಚಿ ನೋಡೋ ತನಕ ನಾನು ಮುಟ್ಟಲ್ಲ. ಹಂಗೇ ಬರೆದು ಕೊಡ್ತೀನಿ."

ಅವರು ಮುರಳಿಯಿಂದ ಬಿಳಿ ಹಾಳೆ ಇಸಕೊಂಡು, ನಿಧಾನಕ್ಕೆ, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಮುರಳಿ ಅದನ್ನು ಓದಿ ಫೈಲಿಗೆ ಹಾಕಿದ. ಆ ಸಂಜೆ ಹೇಮಶ್ರೀ ಮನೆಗೆ ಬಸ್ ಹತ್ತಿದಳು. ತಾನು ಹೇಳಿದ್ದು ತಪ್ಪಾಗಿದ್ದರೆ ಕೆಲಸಕ್ಕೇ ಕುತ್ತು ಎಂದು ಹಲಸೂರು ಬರುವವರೆಗೂ ಅನ್ನಿಸುತ್ತಲೇ ಇತ್ತು.

ಹದಿನಾರು ದಿನದ ಮೇಲೆ ಕಂಪನಿಯಿಂದ ಜಗನ್ ಎಂಬ ಎಂಜಿನಿಯರ್ ಬಂದ. ಗಾಡಿ ಎತ್ತಿ, ತಳದ ಆಯಿಲ್ ತಟ್ಟೆ ಬಿಚ್ಚಿಸಿ, ಮೊದಲ ಬೇರಿಂಗಿನ ಕಟ್ಟನ್ನು ಸಡಿಲಿಸಿದ. ಅದು ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ಹೇಮಶ್ರೀ ಕೆಳಗೆ ನಿಂತು ಟಾರ್ಚ್ ಹಿಡಿದಿದ್ದಳು. ಮೂರನೆಯದು ಕೈಗೆ ಬಂದಾಗ ಜಗನ್ ಅದನ್ನು ಬಟ್ಟೆಯಲ್ಲಿ ಒರೆಸಿ ತಿರುಗಿಸಿದ. ಬೆಳ್ಳಗೆ ಇರಬೇಕಾದ ಅರ್ಧಚಂದ್ರಾಕಾರದ ಬೇರಿಂಗಿನ ಉದ್ದಕ್ಕೂ ತಾಮ್ರದ ಗೀರು.

"ಮಷೀನಿಗೆ ಇದು ಸಿಕ್ಕಿಲ್ಲ," ಎಂದ ಜಗನ್, ತನಗೇ ಹೇಳಿಕೊಂಡ ಹಾಗೆ. "ಎಂಜಿನ್ ಬದಲಾಯಿಸೋಣ. ಫಿಲ್ಟರ್ ಕೊಯ್ದು ನೋಡು ಅಂತ ಯಾರು ಹೇಳಿದ್ರು?"

"ಯಾರೂ ಹೇಳಿಲ್ಲ ಸರ್. ಯಜಮಾನ್ರು ಸದ್ದು ಬರತ್ತೆ ಅಂದ್ರು."

ಆಗ ಮುರಳಿ ಮೆಲ್ಲಗೆ ಕೇಳಿದ, "ಇದಕ್ಕೆ ಮುಂಚೆ ಹಸಿರು ಅಂತ ಎಷ್ಟು ಕಳಿಸಿದೀವಿ?"

ಹೇಮಶ್ರೀಯನ್ನು ಆ ಪ್ರಶ್ನೆ ಹದಿನಾರು ದಿನದಿಂದ ಕಾಡುತ್ತಿತ್ತು. "ಹನ್ನೊಂದು. ಎಲ್ಲಕ್ಕೂ ನನ್ನದೇ ಸಹಿ. ಒಂದರ ಫಿಲ್ಟರನ್ನೂ ನಾನು ಕೊಯ್ದು ನೋಡಿಲ್ಲ."

ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಮುರಳಿ ಪಟ್ಟಿ ಪ್ರಿಂಟ್ ತೆಗೆದು ಕೊಟ್ಟ, ಅರ್ಧ ನೀನು ಮಾಡು, ಅರ್ಧ ನಾನು ಮಾಡ್ತೀನಿ ಎಂದ. ಗಾಡಿ ಮತ್ತೆ ತನ್ನಿ ಎಂದು ಹೇಳಲು ಇಬ್ಬರೂ ಫೋನ್ ಹಿಡಿದು ಕೂತರು. ಒಬ್ಬರು ಗಾಡಿಯನ್ನು ಹೊಸೂರಿನವರಿಗೆ ಮಾರಿದ್ದರು. ಅವರ ನಂಬರ್ ಇಸಕೊಂಡು ಅವರಿಗೂ ಹೇಳಿದರು. ಆ ತಿಂಗಳು ಬಂದ ಗಾಡಿಗಳಲ್ಲಿ ಒಂದರ ಫಿಲ್ಟರಿನಲ್ಲಿ ತಾಮ್ರ ಸಿಕ್ಕಿತು. ಅದನ್ನೂ ಸರ್ವಿಸ್ ಸೆಂಟರ್‌ನಲ್ಲೇ ನಿಲ್ಲಿಸಿಕೊಂಡರು.

ಕೊನೆಗೆ ಬಂದವರು ಇಂದಿರಾನಗರದ ಡಾಕ್ಟರ್ ಹಮೀದಾ. ಮೂರು ಸಲ ಫೋನ್ ಮಾಡಿದ ಮೇಲೆ ಬಂದಿದ್ದರು.

"ಗಾಡಿ ಎಷ್ಟು ಸ್ಮೂತಾಗಿ ಓಡ್ತಿದೆ. ಆಯಿಲ್ ಬದಲಾಯಿಸಿದ ಮೇಲೆ ಸದ್ದೇ ಇಲ್ಲ."

"ಅದನ್ನೇ ನೋಡ್ಬೇಕು ಮೇಡಂ. ಇಪ್ಪತ್ತು ನಿಮಿಷ."

ಡಾಕ್ಟರ್ ಕಾಯುವ ಕೋಣೆಗೆ ಹೋಗದೆ ಅಲ್ಲೇ ಪಕ್ಕದಲ್ಲಿ ನಿಂತರು. ಹೇಮಶ್ರೀ ಫಿಲ್ಟರ್ ಕೊಯ್ದು, ಮಡಿಕೆ ಬಿಡಿಸಿ, ಕಿಟಕಿಯ ಹತ್ತಿರ ಒಯ್ದು ಎರಡು ಸಲ ನೋಡಿದಳು. ಕಾಗದದಲ್ಲಿ ಆಯಿಲ್ ಬಿಟ್ಟು ಬೇರೇನೂ ಇರಲಿಲ್ಲ.

"ಚೆನ್ನಾಗಿದೆ ಮೇಡಂ."

"ಹಂಗಾದ್ರೆ ಸುಮ್ನೆ ಬಂದ ಹಾಗಾಯ್ತು."

"ಹೌದು ಮೇಡಂ," ಎಂದಳು ಹೇಮಶ್ರೀ. "ಸುಮ್ನೆ ಬಂದಿದ್ದು ಒಳ್ಳೇದೇ ಆಯ್ತು."

ಡಾಕ್ಟರ್ ನಕ್ಕು ಬೀಗದ ಕೈ ಕೇಳಿದರು. ಹೇಮಶ್ರೀ ಹೊಸ ಫಿಲ್ಟರ್ ಹಾಕಿ, ಆಯಿಲ್ ತುಂಬಿ, ಕೈ ಒರೆಸಿಕೊಂಡು ಸಹಿ ಹಾಕಿದಳು.