ದುರ್ಗಾಂಬ ಮರೆತ ಮಾತು

ದುರ್ಗಾಂಬ ಮತ್ತೆ ಮಾತು ಮರೆತಳು. ಕೃಷ್ಣಾ ನದಿಯ ದಡದಲ್ಲಿ ಸಿನಿಮಾದವರು ಕಟ್ಟಿದ ಸುಳ್ಳು ಚಹಾ ಅಂಗಡಿ. ಅದರ ಒಡತಿಯ ಪಾತ್ರ ಅವಳದು. ಹೀರೋ ಬಂದು ದೋಣಿ ಕೇಳಿದಾಗ, ಕೊನೆಯ ದೋಣಿ ಹೋಯಿತು ಬಾಬೂ, ಇನ್ನು ನಾಳೆಯೇ ಎಂದು ತೆಲುಗಿನಲ್ಲಿ ಒಂದು ಸಾಲು ಹೇಳಬೇಕು. ಅಷ್ಟೂ ಬಾಯಿಗೆ ಬರಲಿಲ್ಲ.

ಬೆಂಚಿನ ಮೇಲೆ ಗಿರಾಕಿಯಾಗಿ ಕೂತಿದ್ದ ಫಣೀಂದ್ರನ ಮೈ ಉರಿಯಿತು. ಒಂದು ಸಾಲಿಗಾಗಿ ಅವನು ಒಂಬತ್ತನೇ ಕ್ಲಾಸು ಬಿಟ್ಟಾಗಿನಿಂದ ವಿಶಾಖಪಟ್ಟಣದ ಬಿಸಿಲಲ್ಲಿ ಸಿನಿಮಾದ ಗುಂಪುಗಳಲ್ಲಿ ಓಡಿದ್ದ, ಹೆಣವಾಗಿ ಮಲಗಿದ್ದ. ಕಲಾವಿದರ ಸಂಘದ ಕಾರ್ಡು ಬೇಕೆಂದರೆ ಮಾತಿರುವ ಪಾತ್ರ ಮಾಡಿರಬೇಕು. ಒಮ್ಮೆ ಬೀಚಿನಲ್ಲಿ ಮಾತು ಸಿಕ್ಕಿತ್ತು. ಆಮೇಲೆ ಅದಕ್ಕೆ ಬೇರೆ ಯಾರದೋ ದನಿ ಕೂರಿಸಿದರು. ಬಾಯಿ ನಿನ್ನದು, ದನಿ ನಿನ್ನದಲ್ಲ, ಲೆಕ್ಕಕ್ಕಿಲ್ಲ ಎಂದುಬಿಟ್ಟರು ಸಂಘದವರು. ಈ ಸಿನಿಮಾದಲ್ಲಿ ಮಾತನ್ನು ಸ್ಥಳದಲ್ಲೇ ರೆಕಾರ್ಡು ಮಾಡುತ್ತಾರೆಂದು ಕೇಳಿ ರಾತ್ರಿ ರೈಲಿಗೆ ವಿಜಯವಾಡಕ್ಕೆ ಬಂದರೆ, ಇಲ್ಲೂ ಬೆಂಚು.

ಬೆಳಿಗ್ಗೆ ಶೂಟಿಂಗಿನ ವ್ಯಾನಿನಲ್ಲಿ ಕೂತು ಫೋನಿನಲ್ಲಿ ಅಮ್ಮನ ಜೊತೆ ಅವನು ಆಡಿದ ಬಳ್ಳಾರಿ ಕನ್ನಡ ಕೇಳಿ ದುರ್ಗಾಂಬ ಪಕ್ಕಕ್ಕೆ ಬಂದು ಕೂತಿದ್ದಳು. ಅವಳೂ ಬಳ್ಳಾರಿಯವಳು, ಇಲ್ಲಿಗೆ ಸೊಸೆಯಾಗಿ ಬಂದವಳು, ಹಳೇ ಕಾರ್ಡಿನವಳು. ಸಿಕ್ಕಿದ್ದೇ ಸಾಕೆಂದು ಅವನು ಒದರಿದ್ದ:

"ಮಾತಿಲ್ಲದವನಿಗೆ ಕಾರ್ಡಿಲ್ಲಂತೆ ಅಕ್ಕಾ, ಕಾರ್ಡಿಲ್ಲದವನಿಗೆ ಮಾತಿಲ್ಲಂತೆ. ಹಂಗಾದ್ರೆ ನಾವೇನು ಹುಟ್ಟಾ ಮೂಗರಾ?"

"ಸಿಟ್ಟು ಆಮ್ಯಾಲೆ ಮಾಡುವಂತಿ. ಮೊದ್ಲು ಉಣ್ಣಲೇ," ಎಂದು ಅವಳು ತನ್ನ ಡಬ್ಬಿಯ ಮೊಸರನ್ನ ಅವನ ಮುಂದೆ ಸರಿಸಿದ್ದಳು.

ಆ ಅನ್ನದ ಋಣವೂ ಈಗ ಅವನಿಗೆ ನೆನಪಿರಲಿಲ್ಲ. "ವಯಸ್ಸಾದ ಮ್ಯಾಲೆ ಮನ್ಯಾಗೆ ಕುಂದ್ರಬೇಕು," ಎಂದ, ಅವಳಿಗೆ ಕೇಳುವಂತೆಯೇ. ಕನ್ನಡ ಅಲ್ಲಿ ತಿಳಿಯುತ್ತಿದ್ದುದು ಅವಳೊಬ್ಬಳಿಗೆ. ಅವಳು ಒಲೆಯ ಬೂದಿ ಕೆದಕುತ್ತ ನಿಂತಳು.

ಬಿಸಿಲು ಇಂದ್ರಕೀಲಾದ್ರಿ ಬೆಟ್ಟದ ಹಿಂದೆ ಇಳಿಯತೊಡಗಿತ್ತು. ಸಹಾಯಕ ನಿರ್ದೇಶಕಿ ಹಿಮಬಿಂದು ಗಡಿಯಾರ ನೋಡಿಕೊಂಡು ಓಡಿಬಂದಳು. ನನ್ನ ತಲೆಯಲ್ಲಿ ನಿಲ್ಲುತ್ತಿಲ್ಲಮ್ಮಾ, ಆ ಬೆಂಚಿನ ಹುಡುಗ ಹೇಳಲಿ, ದೋಣಿ ತಪ್ಪಿದ ಗಿರಾಕಿಯೂ ಹೇಳಬಹುದಾದ ಮಾತೇ ಅಲ್ಲವೇ ಎಂದಳು ದುರ್ಗಾಂಬ. ಇನ್ನು ಮೇಲೆ ಈ ಮುದುಕಿಯನ್ನು ಕರೆಯಬೇಡಿ ಎಂದು ಹಿಂದೆ ಯಾರೋ ಗೊಣಗಿದರು. ಯೋಚಿಸಲು ಹೊತ್ತಿರಲಿಲ್ಲ. ಹಿಮಬಿಂದು ಫಣೀಂದ್ರನತ್ತ ಬೆರಳು ಮಾಡಿದಳು.

ಅವನು ಹೇಳಿದ. ದೋಣಿ ತಪ್ಪಿದವನ ಸಿಟ್ಟನ್ನು ಅವನು ಎಲ್ಲಿಂದಲೋ ತರಬೇಕಿರಲಿಲ್ಲ. ಒಂದೇ ಟೇಕಿಗೆ ಓಕೆ ಆಯಿತು. ದನಿ ಚೆನ್ನಾಗಿ ಬಂದಿದೆ, ಇದನ್ನೇ ಇಡುತ್ತೇವೆ ಎಂದ ಸೌಂಡಿನವನು. ಹಿಮಬಿಂದು ಅವನ ಪೂರ್ತಿ ಹೆಸರು ಕೇಳಿ, ಸಂಘಕ್ಕೆ ನಾನೇ ಹೇಳುತ್ತೇನೆ ಎಂದಳು. ಅವನು ಅಮ್ಮನಿಗೆ ಫೋನು ಮಾಡಿ ಆ ಸಾಲನ್ನೇ ಎರಡು ಸಲ ಹೇಳಿ ಕೇಳಿಸಿದ.

ಮುಖ ತೊಳೆಯಲು ಘಾಟಿಗೆ ಇಳಿದಾಗ ಕೆಳಗಿನ ಮೆಟ್ಟಿಲಲ್ಲಿ ದುರ್ಗಾಂಬ ಬಣ್ಣ ಒರೆಸಿಕೊಳ್ಳುತ್ತಿದ್ದಳು. ಚೀಲ ಹೊತ್ತ ಒಬ್ಬ ನಿಜವಾದ ಪ್ರಯಾಣಿಕ ಏದುಸಿರು ಬಿಡುತ್ತ ಬಂದು, ದೋಣಿ ಇದೆಯೇ ಎಂದು ಅವಳನ್ನೇ ಕೇಳಿದ.

ಅವಳು ತಲೆ ಎತ್ತಿದಳು. ಕೊನೆಯ ದೋಣಿ ಹೋಯಿತು, ಎಂದಳು ತೆಲುಗಿನಲ್ಲಿ. ನೀರಿನ ಕಡೆ ಒಮ್ಮೆ ನೋಡಿದಳು. ಬಾಬೂ, ಇನ್ನು ನಾಳೆಯೇ. ಒಂದಕ್ಷರ ಆಚೀಚೆ ಆಗಲಿಲ್ಲ. ಆ ಮನುಷ್ಯ, ಅವಳು ಹೇಳಿದ ರೀತಿಗೇ ಸಮಾಧಾನವಾದವನಂತೆ ತಲೆಯಾಡಿಸಿ ಹೋದ.

ಫಣೀಂದ್ರ ಒದ್ದೆ ಮುಖದಲ್ಲೇ ನಿಂತಿದ್ದ.

"ಅಕ್ಕಾ," ಎಂದ.

"ಏನಲೇ?"

ಅವನು ಬಗ್ಗಿ ಅವಳ ಚೀಲ ಎತ್ತಿಕೊಂಡ, ಖಾಲಿ ಡಬ್ಬಿಯನ್ನೂ. ಅವಳು ಬರಿಗೈ ಬೀಸಿಕೊಂಡು ಮುಂದೆ ಹತ್ತಿದಳು. ಅವಳ ಸೀರೆಯ ಅಂಚಿಗೆ ಅಂಗಡಿಯ ಬೂದಿ ಇನ್ನೂ ಮೆತ್ತಿಕೊಂಡಿತ್ತು.