ಬಿಸಿಲಲ್ಲಿ ಎತ್ತಿದ ಮೀನು

ಕಾಸರಕೋಡದಲ್ಲಿ ಮೀನು ಒಣಗಿಸುವ ನನಗೆ ಇಲ್ಲಿಯ ಹವಾಮಾನವನ್ನು ಮೊಬೈಲ್ ಹೇಳಬೇಕಾಗಿಲ್ಲ. ಆಕಾಶ ನೋಡಿದರೆ ಸಾಕು. ಮೊಬೈಲಿನಲ್ಲಿ ಹಿಮಾಚಲದ್ದು ಇಟ್ಟುಕೊಂಡಿದ್ದೇನೆ. ನಮ್ಮನೆಯವರು ಅಲ್ಲಿ ರಸ್ತೆಯ ಹಿಮ ತೆಗೆಯುವ ಜೆಸಿಬಿ ಓಡಿಸುತ್ತಾರೆ.

ಇವತ್ತು ಬೆಳಿಗ್ಗೆ ಮೊಬೈಲ್ ಕೂಗಿತು. ಭಾರೀ ಹಿಮಪಾತ, ಯಾರೂ ರಸ್ತೆಗೆ ಇಳಿಯಬೇಡಿ ಎಂದಿತ್ತು. ಓದಿದ್ದೇ ಎದ್ದು, ಕಡಲ ದಂಡೆಯ ಹೊಯ್ಗೆಯ ಮೇಲೆ ಹರಡಿದ್ದ ಮೀನನ್ನೆಲ್ಲ ಬುಟ್ಟಿಗೆ ತುಂಬಿ ಒಳಗೆ ಹೊತ್ತೆ. ಎಚ್ಚರಿಕೆ ಬಂತೆಂದರೆ ಮೀನು ಎತ್ತಬೇಕು. ಈ ಕೈಗೆ ಅದೊಂದೇ ಗೊತ್ತು.

“ಎಂತ ಗಂಗಕ್ಕಾ, ಈ ಸುಡುಬಿಸಿಲಲ್ಲಿ ಮೀನು ಎತ್ತೂದು?” ಪಕ್ಕದ ಮನೆಯ ದೀಪಿಕಾ ನಕ್ಕಳು.

“ನನ್ನ ಮೀನು, ನನ್ನ ಇಷ್ಟ. ನಿನಗೆಂತ?” ಅಂದೆ. ಆದರೆ ತಿರುಗಿ ಹರಡಲು ಮನಸ್ಸಾಗಲಿಲ್ಲ.

ಮಧ್ಯಾಹ್ನ ಅವರ ಫೋನು ಬಂತು. “ರಸ್ತೆ ಬಂದ್ ಆಯ್ತು. ನಮ್ಮನ್ನೂ ಹೊರಗೆ ಬಿಡೂದಿಲ್ಲ. ರೂಮಲ್ಲೇ ಕೂತಿದ್ದೇನೆ. ನೀ ಎಂತ ಮಾಡ್ತಿದ್ದೀ?”

“ಮೀನು ಎತ್ತಿ ಒಳಗಿಟ್ಟೆ.”

“ಜನವರಿಯಲ್ಲಿ ಮಳೆಯಾ ಅಲ್ಲಿ?”

ಬಾಗಿಲಾಚೆ ನೋಡಿದೆ. ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ.

“ಹೌದು, ಜೋರು,” ಅಂದೆ. “ನಾನೂ ಒಳಗೇ ಕೂತಿದ್ದೇನೆ.”