ಕವರ್ ಬಿಚ್ಚದ ಬ್ರಶ್

ತಕ್ಕಡಿಯ ತಟ್ಟೆಯ ಮೇಲೆ ಮತ್ತೆ ತುಕ್ಕಿನ ಹುಡಿ, ಜೋರಾಗಿ ಉಸಿರು ಬಿಟ್ಟರೂ ಉದುರುತ್ತದೆ, ಆಮ್ಲದ ತೊಟ್ಟಿಗಳ ಮೇಲೆ ಆರು ತಿಂಗಳು ನೇತಾಡಿ ಬಂದ ಕಬ್ಬಿಣದ ಚೂರು, ನಮ್ಮ ಮ್ಯಾನೇಜರ್ ಸಾಹೇಬರ ಮುಖದ ಹಾಗೆಯೇ ಊದಿಕೊಂಡಿದೆ — ಈಗಷ್ಟೆ ಬಾಗಿಲಲ್ಲಿ ನಿಂತು ಹಲ್ಲು ಕಿರಿದು ಹೋದರಲ್ಲ, ಹೋದ ಸಲದ ಥರಾನೇ ತೂಗಿಬಿಡಿ ಮೇಡಂ, ಉಜ್ಜೋದು ಗಿಜ್ಜೋದು ಯಾಕೆ, ತೂಕ ಕಮ್ಮಿ ಆಗಿಲ್ಲ ಅಂದ್ರೆ ಪಾಸ್ ತಾನೇ. ತಾನೇ ಅಂತೆ. ಆಮ್ಲದ ಹೊಗೆ ಕಬ್ಬಿಣವನ್ನು ತಿನ್ನುತ್ತದೆ, ತಿಂದದ್ದು ತುಕ್ಕಾಗಿ ಅದರ ಮೈಗೇ ಅಂಟಿಕೊಳ್ಳುತ್ತದೆ, ಅದನ್ನು ಉಜ್ಜಿ ತೆಗೆಯದೆ ತೂಗಿದರೆ ಸಾಯುತ್ತಿರುವ ಕಬ್ಬಿಣವೂ ಮೈ ತುಂಬಿಕೊಂಡಂತೆ ಕಾಣುತ್ತದೆ, ಇಷ್ಟು ತಿಳಿಯದ ತಲೆಗೆ ತಿರುಗುವ ಕುರ್ಚಿ ಬೇರೆ. ಬ್ರಶ್ ತರಿಸಿದ್ದಾರೆ, ಇಲ್ಲವೆನ್ನುವುದಿಲ್ಲ, ತಪಾಸಣೆಯವರ ಕಣ್ಣಿಗೆ ಬೀಳಲಿ ಎಂದು ಕಿಟಕಿ ಪಕ್ಕದ ಮೊಳೆಗೆ ನೇತುಹಾಕಿಸಿದ್ದಾರೆ, ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದೆ, ಬಂದ ಮಹಾನುಭಾವರು ಇನ್ನೂ ಒಂದು ಕೈ ಮೇಲೆ, ಬ್ರಶ್ ಇದ್ಯಾ, ಇದೆ ಸಾರ್, ಸರಿ ಬರ್ಕೊಳ್ಳಿ, ಟೀ ಕುಡಿದು ಬಾಯಿ ಒರೆಸಿಕೊಂಡು ಹೊರಟರು.

ತಮ್ಮನೇನು ಕಮ್ಮಿಯೇ, ಅದೇ ತೊಟ್ಟಿಗಳ ಮೇಲಿನ ಅಟ್ಟಣಿಗೆಯಲ್ಲಿ ನಿಂತು ತಗಡು ಎತ್ತುವ ಕೆಲಸ, ಅಟ್ಟಣಿಗೆಯನ್ನು ಹಿಡಿದು ನಿಲ್ಲಿಸಿರುವುದು ನಾಲ್ಕೇ ಸರಳು, ಈ ಚೂರೂ ಅದೇ ಕಬ್ಬಿಣದ್ದು, ಇದು ಎಷ್ಟು ಸವೆದಿದೆಯೋ ಸರಳೂ ಅಷ್ಟೇ ಸವೆದ ಲೆಕ್ಕ, ಬೆಳಿಗ್ಗೆ ಬಾಯಿ ತುಂಬ ತಿಂಡಿ ಇಟ್ಟುಕೊಂಡು ನಗುತ್ತಾನೆ, ಅಕ್ಕಾ, ಸರಳು ಮುಟ್ಟಿದ್ರೆ ಪದರ ಪದರ ಎದ್ದು ಬರತ್ತೆ ಕಣೇ, ಜೊತೆಯವ್ರು ಹತ್ತಕ್ಕೇ ಹೆದರ್ತಾರೆ, ನಮ್ಮಕ್ಕ ಪಾಸ್ ಮಾಡಿದಾಳೆ, ಬಾಯ್ಮುಚ್ಕೊಂಡು ಹತ್ರೋ ಅಂದೆ. ದಡ್ಡ. ತುಕ್ಕನ್ನು ಕಣ್ಣಾರೆ ಕಂಡೂ ಅಕ್ಕನನ್ನು ನಂಬುವ ದಡ್ಡ. ಹೋದ ಸಲದ ರಿಜಿಸ್ಟರು ಎದುರಿಗೇ ಇದೆ, ನೇತುಹಾಕುವ ಮೊದಲು ನಲವತ್ತೊಂದು ಗ್ರಾಂ, ಇಳಿಸಿದ ಮೇಲೆ ನಲವತ್ತೆರಡು, ಹೊಗೆ ಕುಡಿದು ಒಂದು ಗ್ರಾಂ ದಪ್ಪಗಾಯಿತಂತೆ, ಯಾವ ಪುಣ್ಯಾತ್ಗಿತ್ತಿ ಬರೆದಳೋ, ಅಕ್ಷರ ಮಾತ್ರ ಎಷ್ಟು ದುಂಡಗೆ, ಶಾಲೆಯಲ್ಲಿ ಬಹುಮಾನ ಗಿಟ್ಟಿಸಿದ ಅಕ್ಷರ, ಕೆಳಗೆ ರುಜು — ನನ್ನದೇ, ಎಷ್ಟು ಸಲ ನೋಡಿದರೂ ನನ್ನದೇ. ಸಾಹೇಬರಿಗೆ ತಿಳಿಯದು, ನನಗೆ ತಿಳಿದಿತ್ತು, ಅಂದು ಹೊಸ ಬಟ್ಟೆ ತೊಟ್ಟಿದ್ದೆ, ಉಜ್ಜಿದರೆ ತುಕ್ಕು ಹಾರಿ ಕಲೆಯಾದೀತೆಂದು ಹಾಗೇ ತೂಗಿದೆ, ಥೂ, ಬಟ್ಟೆಯಂತೆ ಬಟ್ಟೆ, ಆ ಬಟ್ಟೆ ಈಗ ಎಲ್ಲಿದೆಯೋ — ಎರಡು ಗಂಟೆಯ ಸೈರನ್, ಪಾಳಿ ಬದಲಾಯಿತು, ಏಣಿಯ ಹತ್ತಿರ ಬಂದಿರುತ್ತಾನೆ, ಫೋನು, ತೊಟ್ಟಿಗಳ ಷೆಡ್ಡಿನ ನಂಬರು, ರಿಂಗಾಗುತ್ತಿದೆ, ಎತ್ತೋ, ಎತ್ತೋ ಮಾರಾಯ, ಹಲೋ ಅಂದ, ಅವನೇ, ಹತ್ತಬೇಡ ಕಣೋ, ಯಾರೂ ಹತ್ತಬೇಡಿ, ಅಯ್ಯೋ ಯಾಕಕ್ಕಾ, ನೀನೇ ಪಾಸ್ ಮಾಡಿದ್ದಲ್ವಾ, ಯಾಕೆ, ಹೇಳೇ, ಯಾಕೆ — ಕಿಟಕಿ ಪಕ್ಕದಲ್ಲಿ ಮೊಳೆ, ಮೊಳೆಯಲ್ಲಿ ಬ್ರಶ್, ಕವರಿನೊಳಗೆ ಬ್ರಶ್, ಅದರ ಒಂದು ಎಳೆಯೂ ಬಾಗಿಲ್ಲ